ಸಾವಿನ ಲೆಕ್ಕಕ್ಕೆ ದೊಡ್ಡ ಕಾಲೇಜು ಬೇಕೆ?

ವಿಮೆಯ ಅಪಾಯವನ್ನೂ ಕಂತನ್ನೂ ಲೆಕ್ಕ ಹಾಕುವ ಆಕ್ಚುಯರಿ ಆಗಬೇಕಾದರೆ ದೊಡ್ಡ ಹೆಸರಿನ ಕಾಲೇಜೇ ಆಗಬೇಕೆಂಬ ನಂಬಿಕೆ ಅಷ್ಟು ಗಟ್ಟಿಯಲ್ಲ. ಇಲ್ಲಿ ಪದವಿ ಕೊಡುವವರು ಬೇರೆ, ವೃತ್ತಿಗೆ ಅರ್ಹತೆ ಕೊಡುವವರು ಬೇರೆ. 2006ರ ಆಕ್ಚುಯರೀಸ್ ಕಾಯ್ದೆಯಂತೆ ಅರ್ಹತಾ ಪರೀಕ್ಷೆ ನಡೆಸುವುದು ಇನ್‌ಸ್ಟಿಟ್ಯೂಟ್ ಆಫ್ ಆಕ್ಚುಯರೀಸ್ ಆಫ್ ಇಂಡಿಯಾ. ಅದಕ್ಕೆ ವಿದ್ಯಾರ್ಥಿಯ ಕಾಲೇಜು ಯಾವುದಾದರೇನು! ಪಾಠದ ತಿರುಳೂ ಕರಿಹಲಗೆಯಲ್ಲಿ ಹಿಡಿಸುವಂಥದ್ದು: 30 ವರ್ಷದ 1000 ಜನ, ತಲಾ 1 ಲಕ್ಷ ರೂಪಾಯಿಯ ವಿಮೆ, ವರ್ಷದಲ್ಲಿ ಇಬ್ಬರು ತೀರಿಕೊಳ್ಳಬಹುದೆಂಬ ಅಂದಾಜಿದ್ದರೆ, ಬಡ್ಡಿ, ಖರ್ಚು ಬಿಟ್ಟು ತಲೆಗೆ 200 ರೂಪಾಯಿ ಕಂತು. ಇಬ್ಬರ ಬದಲು ನಾಲ್ವರು ಹೋದರೆ ಏನು ಗತಿ ಎಂದು ಕೇಳಿದ ಗಳಿಗೆಯಲ್ಲಿ ಅಸಲಿ ಪಾಠ ಶುರು. ಅದಕ್ಕೆ ಬೇಕಾದದ್ದು ಸಂಖ್ಯಾಶಾಸ್ತ್ರವನ್ನು ಬಾಯಿಪಾಠ ಮಾಡಿಸದ ಒಬ್ಬ ಮೇಷ್ಟ್ರು, ಎಕ್ಸೆಲ್ ಇರುವ ನಾಲ್ಕು ಕಂಪ್ಯೂಟರು. ಸಂಖ್ಯಾಶಾಸ್ತ್ರದ ‘ಆರ್’ ತಂತ್ರಾಂಶವಂತೂ ಪುಕ್ಕಟೆ. ಸಣ್ಣ ಕಾಲೇಜಿಗೆ ಕಂಪನಿಗಳು ಬರುವುದು ಕಡಿಮೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಈ ಕೆಲಸದಲ್ಲಿ ಎಷ್ಟು ಪೇಪರು ಪಾಸಾಗಿದೆ ಎಂಬ ಪ್ರಶ್ನೆಗೇ ತೂಕ ಹೆಚ್ಚು. ನನ್ನ ಚಿಂತೆ ಬೇರೆ: ಕೋರ್ಸಿನ ಹೆಸರನ್ನು ಬೋರ್ಡಿಗೆ ಬರೆಸಿ, ಪದವಿ ಮುಗಿದರೆ ಆಕ್ಚುಯರಿ ಆದಂತೆಯೇ ಎಂದು ಹೆತ್ತವರನ್ನು ನಂಬಿಸುವ ಕಾಲೇಜು, ಸಣ್ಣದಿರಲಿ ದೊಡ್ಡದಿರಲಿ. ಇನ್‌ಸ್ಟಿಟ್ಯೂಟಿನ ಫೆಲೋ, ಅಂದರೆ ಪೂರ್ಣ ಅರ್ಹತೆಯ ಆಕ್ಚುಯರಿ, ಆಗಲು ಪದವಿಯ ಆಚೆಗೂ ವರ್ಷಗಟ್ಟಲೆ ಬರೆಯಬೇಕು, ಕೆಲವು ಪೇಪರನ್ನು ಎರಡು ಮೂರು ಸಲ.