ಉಸಿರಿಗೆ ತಕ್ಕ ಊಟ

ಒಲೆಯ ಮುಂದೆ ಊದುಗೊಳವೆ ಹಿಡಿದು ಕುಳಿತ ಗೃಹಿಣಿಗೆ ದಹನಶಾಸ್ತ್ರವನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಒಲೆಯಲ್ಲಿ ಸೌದೆಯಿದ್ದರೆ ಊದಿದಷ್ಟೂ ಉರಿ ಏಳುತ್ತದೆ. ಸೌದೆ ತೀರಿದ ಮೇಲೆ ಎಷ್ಟು ಊದಿದರೂ ಬೂದಿ ಹಾರಿ ಕಣ್ಣಿಗೆ ಬೀಳುವುದಷ್ಟೇ ಲಾಭ. ಅಡುಗೆಮನೆಯ ಈ ಹಳೆಯ ಪಾಠವನ್ನು ಮೋಟಾರು ಪ್ರಿಯರಾದ ತರುಣರು ಎಷ್ಟೋ ಬಾರಿ ಮರೆಯುತ್ತಾರೆ. ಆ ಮರೆವಿಗೆ ತೆರಬೇಕಾದ ದಂಡವಾದರೂ ಬೂದಿಯಷ್ಟು ಹಗುರವಲ್ಲ. ಕೆಲವೊಮ್ಮೆ ಇಡೀ ಎಂಜಿನ್ನೇ ಹೋಗುತ್ತದೆ.

ಇಂಥ ಮರೆವಿಗೆ ಪ್ರೇರಣೆ ದೊರೆಯುವುದು ಮಲೆನಾಡಿನ ಏರುದಾರಿಗಳಲ್ಲಿ. ಬೆಂಗಳೂರಿನಿಂದ ರಜೆಗೆಂದು ಹೊರಟ ಕುಟುಂಬದ ಕಾರು ಚಿಕ್ಕಮಗಳೂರನ್ನು ದಾಟಿ, ಕೈಮರವನ್ನು ಹಿಂದಿಟ್ಟು, ಮುಳ್ಳಯ್ಯನಗಿರಿಯತ್ತ ತಿರುಗಿದೊಡನೆ ಅದರ ಸ್ವಭಾವವೇ ಬದಲಾಗುತ್ತದೆ. ಬಯಲಿನಲ್ಲಿ ಹಂಸದಂತೆ ತೇಲಿದ ಗಾಡಿ ಇಲ್ಲಿ ಏದುಸಿರು ಬಿಡುತ್ತದೆ. ಮೂರನೆಯ ಗೇರಿನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿಯುತ್ತದೆ. ಉಜಿರೆಯ ಕಡೆಯಿಂದ ಚಾರ್ಮಾಡಿ ಘಾಟಿಯನ್ನೇರಿ ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರಕ್ಕೆ ಬರುವವರಿಗೂ, ಕಳಸದ ಸುತ್ತಣ ತೋಟಗಳ ದಾರಿ ಹಿಡಿದವರಿಗೂ ಅನುಭವ ಇದೇ. ಆಗ ಹಿಂದಿನ ಸೀಟಿನಲ್ಲಿ ಕುಳಿತ ಮಗರಾಯ ಸಲಹೆ ಕೊಡುತ್ತಾನೆ: "ಅಪ್ಪಾ, ಇದಕ್ಕೊಂದು ಟರ್ಬೊ ಹಾಕಿಸಿಬಿಟ್ಟರೆ ಬೆಟ್ಟವನ್ನು ಹಾರಿಕೊಂಡೇ ಹೋಗಬಹುದು!"

ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಅರಿಯದೆ ಹಣ ಸುರಿಯುವುದು ಜಾಣತನವಲ್ಲ.

ಬೆಟ್ಟದ ತೆಳುಗಾಳಿ

ಚಿಕ್ಕಮಗಳೂರು ಸಮುದ್ರಮಟ್ಟದಿಂದ 1,000 ಮೀಟರಿಗೂ ಮೇಲಿದೆ. ಅಷ್ಟು ಎತ್ತರದಲ್ಲಿ ವಾಯುವಿನ ಒತ್ತಡ ಮಂಗಳೂರಿನ ಕಡಲತೀರದಲ್ಲಿರುವುದಕ್ಕಿಂತ ಸುಮಾರು ಹತ್ತರಲ್ಲೊಂದು ಪಾಲು ಕಡಿಮೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯ ಮೇಲಂತೂ ಐದರಲ್ಲೊಂದು ಪಾಲು ಕಡಿಮೆ. ಗಾಳಿ ತೆಳುವಾದಷ್ಟೂ ಸಿಲಿಂಡರಿನೊಳಗೆ ಹೋಗುವ ಆಮ್ಲಜನಕ ಕುಗ್ಗುತ್ತದೆ. ಆಮ್ಲಜನಕ ಕುಗ್ಗಿದಷ್ಟೂ ಶಕ್ತಿ ಕುಗ್ಗುತ್ತದೆ. ಕಾರು ಏದುವುದು ಸೋಮಾರಿತನದಿಂದಲ್ಲ, ಉಸಿರು ಸಾಲದೆ.

ಈ ಕೊರತೆಯನ್ನು ನೀಗುವ ಉಪಾಯವೇ ಟರ್ಬೊ. ಹೊಗೆಕೊಳವೆಯಿಂದ ವ್ಯರ್ಥವಾಗಿ ಹೊರಬೀಳುವ ಬಿಸಿ ಅನಿಲ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿಗೆ ಕೂಡಿಸಿದ ಮತ್ತೊಂದು ಚಕ್ರ ಹೊರಗಾಳಿಯನ್ನು ಹಿಡಿದು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಎಂಜಿನಿಯರು 1905ರಲ್ಲಿಯೇ ಇದಕ್ಕೆ ಪೇಟೆಂಟು ಪಡೆದಿದ್ದ. ಇದರ ಪ್ರಸಿದ್ಧ ಪರೀಕ್ಷೆಯೊಂದು ನಡೆದದ್ದೂ ಬೆಟ್ಟದ ಮೇಲೆಯೇ. 1918ರಲ್ಲಿ ಸ್ಯಾನ್‌ಫರ್ಡ್ ಮಾಸ್ ಎಂಬಾತ ಲಿಬರ್ಟಿ ವಿಮಾನದ ಎಂಜಿನ್ನೊಂದನ್ನು ಅಮೆರಿಕದ ಪೈಕ್ಸ್ ಪೀಕ್ ಶಿಖರಕ್ಕೆ, ಅಂದರೆ ಸುಮಾರು 4,300 ಮೀಟರ್ ಎತ್ತರಕ್ಕೆ, ಸಾಗಿಸಿದ. ತಗ್ಗಿನ ಪ್ರದೇಶದಲ್ಲಿ 350 ಅಶ್ವಶಕ್ತಿ ಕೊಡುತ್ತಿದ್ದ ಆ ಯಂತ್ರ ಶಿಖರದ ಮೇಲೆ 230ಕ್ಕೆ ಇಳಿದಿತ್ತು. ಟರ್ಬೊ ಜೋಡಿಸಿದ ಮೇಲೆ 356ಕ್ಕೆ ಏರಿತು. ಅಲ್ಲಿ ಟರ್ಬೊ ಮಾಡಿದ್ದು ಕಳೆದುಹೋದ ಉಸಿರನ್ನು ಮರಳಿ ಕೊಡುವ ಕೆಲಸ. ಇದ್ದ ಉಸಿರಿನ ಮೇಲೆ ಇನ್ನಷ್ಟು ತುಂಬಲು ಹೊರಟಾಗ ಕಥೆ ಬೇರೆಯಾಗುತ್ತದೆ.

ಲೆಕ್ಕ ತಪ್ಪುವ ಜಾಗ

ಒಂದು ಕಿಲೋ ಪೆಟ್ರೋಲು ಪೂರ್ಣವಾಗಿ ಉರಿಯಲು 14.7 ಕಿಲೋ ಗಾಳಿ ಬೇಕು. ಇದು ಸಾಧಾರಣ ಓಟದ ಲೆಕ್ಕ. ಟರ್ಬೊ ಪೂರ್ಣ ಒತ್ತಡದಿಂದ ತುಂಬುತ್ತಿರುವಾಗ ಅಷ್ಟು ಪೆಟ್ರೋಲು ಸಾಲದು. ಒಂದು ಕಿಲೋ ಪೆಟ್ರೋಲಿಗೆ ಹನ್ನೊಂದೂವರೆ, ಹನ್ನೆರಡು ಕಿಲೋ ಗಾಳಿ ಇರುವಂತೆ ನೋಡಿಕೊಳ್ಳುತ್ತಾರೆ. ಹೆಚ್ಚಿನ ಪೆಟ್ರೋಲು ಉರಿಯುವುದಕ್ಕಲ್ಲ, ತಂಪಿಗೆ. ಆವಿಯಾಗುವಾಗ ಅದು ಸಿಲಿಂಡರಿನೊಳಗಣ ಕಾವನ್ನು ಹೀರಿಕೊಳ್ಳುತ್ತದೆ.

ಮಾರುತಿ ಜಿಪ್ಸಿಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. 1985ರಲ್ಲಿ ಬಂದ ಈ ಗಾಡಿ ರ್ಯಾಲಿಗಳಲ್ಲಿಯೂ ಬಹುಕಾಲ ಓಡಿದೆ. ಅದರ ಮುಂದಿನ ಮಾದರಿಯ 1.3 ಲೀಟರ್ ಇಂಜೆಕ್ಷನ್ ಎಂಜಿನ್ನಿನದು 80 ಅಶ್ವಶಕ್ತಿ. ಟರ್ಬೊ ಇಲ್ಲದ ಎಂಜಿನ್ನು ಪೂರ್ಣ ದುಡಿತದಲ್ಲಿ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 225 ಗ್ರಾಂ ಪೆಟ್ರೋಲು ಕುಡಿಯುತ್ತದೆಂಬುದು ಕಸುಬುದಾರರ ಅಂದಾಜು. ಹಾಗಾದರೆ 80ಕ್ಕೆ 18 ಕಿಲೋ. ಟರ್ಬೊ ಹಾಕಿ 110 ಅಶ್ವಶಕ್ತಿ ಪಡೆಯಬೇಕೆಂದರೆ, ತಂಪಿನ ಪಾಲೂ ಸೇರಿ, ಒಂದು ಅಶ್ವಶಕ್ತಿಗೆ ಸುಮಾರು 270 ಗ್ರಾಂ ಬೇಕು. ಒಟ್ಟು 30 ಕಿಲೋಗೆ ಹತ್ತಿರ. ಶಕ್ತಿ ಹೆಚ್ಚಿದ್ದು ನೂರಕ್ಕೆ 38ರಷ್ಟು. ಪೆಟ್ರೋಲು ಹೆಚ್ಚಬೇಕಾದ್ದು ನೂರಕ್ಕೆ 65ರಷ್ಟು!

ಇಷ್ಟನ್ನು ಒದಗಿಸುವವರು ಯಾರು? ಪ್ರತಿ ಸಿಲಿಂಡರಿಗೂ ಒಂದೊಂದರಂತೆ ಇರುವ ಇಂಜೆಕ್ಟರುಗಳು. ಇವು ಕ್ಷಣಕಾಲ ತೆರೆದು ಪೆಟ್ರೋಲನ್ನು ಸಿಂಪಡಿಸಿ ಮುಚ್ಚಿಕೊಳ್ಳುವ ಪುಟ್ಟ ನಲ್ಲಿಗಳು. ಎಂಜಿನ್ನು ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಒಂದು ಸಿಲಿಂಡರಿನ ಪೂರ್ಣ ಆವರ್ತಕ್ಕೆ, ಎಂದರೆ ಎರಡು ಸುತ್ತಿಗೆ, ಸಿಗುವ ಕಾಲ ಸೆಕೆಂಡಿನ ಐವತ್ತರಲ್ಲೊಂದು ಭಾಗ ಮಾತ್ರ. ಅದರಲ್ಲಿಯೂ ನೂರಕ್ಕೆ 80, 85ರಷ್ಟು ಹೊತ್ತಿಗಿಂತ ಹೆಚ್ಚು ನಲ್ಲಿ ತೆರೆದಿದ್ದರೆ ಅದರ ಅಳತೆ ನಂಬಿಕೆಗೆ ಅರ್ಹವಲ್ಲ. ಟರ್ಬೊ ಗಾಳಿಯನ್ನು ಒಂದೂವರೆಪಟ್ಟು ಮಾಡಬಲ್ಲದು; ಕಾಲವನ್ನು ಹಿಗ್ಗಿಸಲಾರದು. ಕಾರ್ಖಾನೆಯವರು ಇಂಜೆಕ್ಟರುಗಳನ್ನು ಆರಿಸುವುದು ತಮ್ಮ ಎಂಜಿನ್ನಿನ ಹಸಿವಿಗೆ ತಕ್ಕಂತೆ, ಮೇಲೆ ಅಷ್ಟಿಷ್ಟು ಉಳಿತಾಯವಿಟ್ಟು. ಆ ಉಳಿತಾಯ ಮುಗಿದ ಕಡೆಯೇ ಮೂಲ ಎಂಜಿನ್ನಿನ ಎಲ್ಲೆ.

ಒತ್ತಡ ಹೆಚ್ಚಿಸಿದರೆ?

ಒತ್ತಡ ಹೆಚ್ಚಿಸಿದರೆ ಅದೇ ನಲ್ಲಿಯಲ್ಲಿ ಹೆಚ್ಚು ಹರಿಯದೇ ಎಂದು ಕೇಳಬಹುದು. ಹರಿಯುತ್ತದೆ, ಆದರೆ ಜಿಪುಣತನದಿಂದ. ಹರಿವು ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ. ಹರಿವು ನೂರಕ್ಕೆ 40ರಷ್ಟು ಹೆಚ್ಚಬೇಕಾದರೆ ಒತ್ತಡ ಇಮ್ಮಡಿಯಾಗಬೇಕು. ಸಾಮಾನ್ಯವಾದ 3 ಬಾರ್ ಇರುವೆಡೆ 6 ಬಾರ್ ಬೇಕು. ಟ್ಯಾಂಕಿನೊಳಗಿನ ಪಂಪಿಗೆ ಒತ್ತಡ ಹೆಚ್ಚಿದಷ್ಟೂ ತಳ್ಳುವ ಪ್ರಮಾಣ ಕಡಿಮೆಯಾಗುತ್ತದೆ. ಅತ್ತ ದರಿ, ಇತ್ತ ಪುಲಿ!

ಇನ್ನೊಂದು ತೊಡಕೂ ಉಂಟು. ಎಷ್ಟೋ ಕಾರುಗಳಲ್ಲಿ ಪೆಟ್ರೋಲು ಕೊಳವೆಯ ಒತ್ತಡ ಸದಾ ಒಂದೇ ಸಮನಾಗಿರುತ್ತದೆ. ಟರ್ಬೊ ಅರ್ಧ ಬಾರ್ ಒತ್ತಡದಿಂದ ಗಾಳಿ ತುಂಬಿತೆಂದರೆ, ಆ ಗಾಳಿ ಇಂಜೆಕ್ಟರಿನ ಬಾಯಿಗೆ ಎದುರು ನಿಲ್ಲುತ್ತದೆ. 3 ಬಾರ್ ಇದ್ದ ವ್ಯತ್ಯಾಸ ಎರಡೂವರೆಗೆ ಇಳಿದು, ಹರಿವು ನೂರಕ್ಕೆ ಒಂಬತ್ತರಷ್ಟು ಕುಗ್ಗುತ್ತದೆ. ಹೆಚ್ಚು ಬೇಕಾದ ಗಳಿಗೆಯಲ್ಲಿಯೇ ಕಡಿಮೆ! ಕಾರ್ಬ್ಯುರೇಟರಿನ ಹಳೆಯ ಕಾರುಗಳ ಪಾಡು ಇನ್ನೂ ಕಷ್ಟ. ಅವುಗಳ ಯಾಂತ್ರಿಕ ಪಂಪು ಕೊಡುವುದೇ ಸುಮಾರು 0.2, 0.3 ಬಾರ್. ಅರ್ಧ ಬಾರ್ ಗಾಳಿ ಎದುರಾದರೆ ಪೆಟ್ರೋಲು ಮುಂದಕ್ಕೆ ಬರುವುದೇ ಇಲ್ಲ.

ಹೋಗಲಿ, ಎಂಜಿನ್ನನ್ನು ನಡೆಸುವ ಗಣಕವಾದರೂ ಎಚ್ಚರಿಸುವುದೇ? ಟರ್ಬೊ ಇಲ್ಲದ ಕಾರಿನಲ್ಲಿ ಒತ್ತಡವನ್ನು ಅಳೆಯುವ ಸೆನ್ಸರಿಗೆ ಹೊರಗಾಳಿಯ ಒತ್ತಡದವರೆಗಷ್ಟೇ ಎಣಿಕೆ ಬರುತ್ತದೆ. ಒಂದು ಕಿಲೋ ಮಾತ್ರ ತೋರಿಸುವ ತಕ್ಕಡಿಯ ಮೇಲೆ ಒಂದೂವರೆ ಕಿಲೋ ಇಟ್ಟಂತೆ, ಅದು ಕೊನೆಯ ಗೆರೆಯಲ್ಲಿ ನಿಂತುಬಿಡುತ್ತದೆ. ಗಣಕ ಅದನ್ನೇ ನಂಬಿ ಹಳೆಯ ಪಡಿಯನ್ನೇ ಅಳೆದು ಕೊಡುತ್ತದೆ.

ಬಯಲು ಕ್ಷಮಿಸುತ್ತದೆ, ಘಾಟಿ ಕ್ಷಮಿಸದು

ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾದಾಗ ಮೊದಲಿಗೆ ಏನೂ ತೋರದು. ಕಾರು ಉತ್ಸಾಹದಿಂದಲೇ ಓಡುತ್ತದೆ. ಆದರೆ ಒಳಗೆ ಕಾವು ಏರುತ್ತಿರುತ್ತದೆ. ಕಿಡಿಯಿಂದ ಹೊತ್ತಿದ ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲುಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಸುತ್ತಿಗೆಯಿಂದ ತಟ್ಟಿದಂತೆ ಕೇಳಿಸುವ ಆ ಸದ್ದನ್ನೇ ನಾಕಿಂಗ್ ಎನ್ನುವುದು. ಉರಿಯುವ ಅನಿಲದ ಕಾವು 2,000 ಡಿಗ್ರಿ ಸೆಲ್ಸಿಯಸ್ಸಿಗೂ ಹೆಚ್ಚು. ಅಲ್ಯುಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಪಿಸ್ಟನ್ನನ್ನು ಇದುವರೆಗೆ ಕಾಪಾಡಿದ್ದು ಅದರ ಮೈಗಂಟಿದ ಅನಿಲದ ತೆಳುಪದರ. ನಾಕಿಂಗ್ ಆ ಪದರವನ್ನು ಕಿತ್ತೆಸೆಯುತ್ತದೆ; ಪಿಸ್ಟನ್ನಿನ ಅಂಚು ಕರಗತೊಡಗುತ್ತದೆ.

ಕಡೂರಿನ ಕಡೆಯ ಸಮತಟ್ಟಾದ ರಸ್ತೆಯಲ್ಲಿ ಪರೀಕ್ಷಿಸಿದರೆ ಟರ್ಬೊ ಪೂರ್ಣ ಒತ್ತಡದಲ್ಲಿರುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಮುಂದಿನ ಗಾಡಿಯನ್ನು ಹಿಂದಿಕ್ಕಿ ಆಗಿರುತ್ತದೆ, ಕಾಲು ಸಡಿಲಾಗುತ್ತದೆ, ಕಾವು ಇಳಿಯುತ್ತದೆ. "ನೋಡಿದಿರಾ, ಏನೂ ಆಗಲಿಲ್ಲ" ಎಂಬ ಧೈರ್ಯ ಹುಟ್ಟುವುದು ಇಂಥಲ್ಲಿಯೇ. ಅದೇ ಕಾರು ತುಂಬಿದ ಭಾರದೊಡನೆ ಚಾರ್ಮಾಡಿಯನ್ನು ಏರುವಾಗ ಒತ್ತಡ ನಿಮಿಷಗಟ್ಟಲೆ ಇಳಿಯುವುದಿಲ್ಲ. ಸಾಲದುದಕ್ಕೆ ತೀಕ್ಷ್ಣ ತಿರುವುಗಳಲ್ಲಿ ಅರೆಬರಿದಾದ ಟ್ಯಾಂಕಿನ ಪೆಟ್ರೋಲು ಒಂದು ಬದಿಗೆ ಸರಿದು, ಪಂಪು ಕ್ಷಣಕಾಲ ಗಾಳಿಯನ್ನೇ ಹೀರುವುದುಂಟು. ಸಾಧಾರಣ ಎಂಜಿನ್ನು ಇದರಿಂದ ಒಮ್ಮೆ ಮುಗ್ಗರಿಸಿ ಸುಧಾರಿಸಿಕೊಳ್ಳುತ್ತದೆ. ಒತ್ತಿ ಗಾಳಿ ತುಂಬಿದ ಎಂಜಿನ್ನಿಗೆ ಆ ಕ್ಷಣವೇ ಮಾರಕವಾಗಬಹುದು. ಮೊಬೈಲಿಗೂ ಸಿಗದ ಇಕ್ಕಟ್ಟಿನ ತಿರುವಿನಲ್ಲಿ, ಮಂಜು ಕವಿದ ಸಂಜೆ, ಮಕ್ಕಳು ಮರಿಗಳೊಡನೆ ನಿಂತುಬಿಡುವುದು ಹಣದ ಪ್ರಶ್ನೆ ಮಾತ್ರವಲ್ಲ.

"ತೋಟದ ಡೀಸೆಲ್ ಜೀಪಿಗೆ ಟರ್ಬೊ ಇದೆ, ಅದು ಹೇಗೆ ಏರುತ್ತದೆ?" ಎಂದು ವಾದಿಸುವವರಿದ್ದಾರೆ. ಡೀಸೆಲಿನ ಧರ್ಮವೇ ಬೇರೆ. ಅದರೊಳಗೆ ಗಾಳಿ ಯಾವಾಗಲೂ ಅಗತ್ಯಕ್ಕಿಂತ ಹೆಚ್ಚೇ ಇರುತ್ತದೆ, ಅದರಿಂದ ಹಾನಿಯಿಲ್ಲ. ಅಲ್ಲಿ ಕಾವೇರಿಸುವುದು, ಕಪ್ಪುಹೊಗೆ ಉಗುಳಿಸುವುದು ಹೆಚ್ಚಿದ ಎಣ್ಣೆ. ಪೆಟ್ರೋಲಿನಲ್ಲಿ ಇದಕ್ಕೆ ತಲೆಕೆಳಗು. ಜೀಪಿನ ಅನುಭವವನ್ನು ಕಾರಿಗೆ ಅನ್ವಯಿಸಹೊರಟರೆ ಮೋಸಹೋಗುವುದೇ ಸರಿ.

ಬಲ್ಲವರ ಕಟ್ಟುಪಾಡು

ದೊಡ್ಡ ಕಾರ್ಖಾನೆಗಳೂ ಈ ಪಾಠವನ್ನು ಸುಲಭವಾಗಿ ಕಲಿಯಲಿಲ್ಲ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ ಜೆಟ್‌ಫೈರ್ ಎಂಬ ಟರ್ಬೊ ಕಾರನ್ನು ಮಾರುಕಟ್ಟೆಗೆ ತಂದಿತು. ನಾಕಿಂಗ್ ತಡೆಯಲು ಪೆಟ್ರೋಲಿನ ಜೊತೆಗೆ ನೀರು ಮತ್ತು ಮೆಥನಾಲಿನ ಮಿಶ್ರಣವನ್ನು ಸಿಂಪಡಿಸುವ ಏರ್ಪಾಡಿತ್ತು. ಆದರೆ ಕೊಂಡವರು ಆ ಪುಟ್ಟ ತೊಟ್ಟಿಯನ್ನು ತುಂಬಿಸಲು ಮರೆಯತೊಡಗಿದರು. ತೊಟ್ಟಿ ಬರಿದಾದರೆ ಟರ್ಬೊವಿನ ಒತ್ತಡವನ್ನು ತಾನೇ ತಗ್ಗಿಸುವ ವ್ಯವಸ್ಥೆ ಇದ್ದುದರಿಂದ ಎಂಜಿನ್ನು ಉಳಿಯಿತು, ಕಾರಿನ ಕೀರ್ತಿ ಉಳಿಯಲಿಲ್ಲ. 1963ರಲ್ಲಿ ಅದರ ತಯಾರಿಕೆ ನಿಂತುಹೋಯಿತು.

ಟರ್ಬೊ ಕಾರುಗಳ ನಿಜವಾದ ಸಾಹಸವನ್ನು ಚಿಕ್ಕಮಗಳೂರಿನ ಜನ ತಮ್ಮ ಕಾಫಿ ತೋಟಗಳ ಮಣ್ಣುದಾರಿಯಲ್ಲಿಯೇ ಕಂಡಿದ್ದಾರೆ. ಏಷ್ಯಾ-ಪೆಸಿಫಿಕ್ ರ್ಯಾಲಿ ಚಾಂಪಿಯನ್‌ಷಿಪ್ಪಿನ ಸುತ್ತು 2016 ಮತ್ತು 2017ರಲ್ಲಿ ಇಲ್ಲಿ ನಡೆಯಿತು. ಆ ಎರಡೂ ವರ್ಷದ ಪ್ರಶಸ್ತಿ ಭಾರತದ ಗೌರವ್ ಗಿಲ್ ಅವರದು. ಅವರು ಓಡಿಸಿದ ಸ್ಕೋಡಾ ಫೇಬಿಯಾ ಆರ್5 ಕಾರಿನದು 1.6 ಲೀಟರಿನ ಟರ್ಬೊ ಎಂಜಿನ್ನು. ಇಂಜೆಕ್ಟರು, ಪಂಪು, ಪಿಸ್ಟನ್ನು, ಗಣಕ ಎಲ್ಲವೂ ಮೊದಲಿನಿಂದಲೇ ಆ ಕೆಲಸಕ್ಕೆಂದು ಆರಿಸಿದವು. ಅಂಥ ಕಾರಿಗೂ ನಿಯಮವು ಕಡಿವಾಣ ಹಾಕುತ್ತದೆ: ಗಾಳಿಯೆಲ್ಲ 32 ಮಿಲಿಮೀಟರ್ ವ್ಯಾಸದ ಒಂದು ಕಿಂಡಿಯ ಮೂಲಕವೇ ಒಳಗೆ ಹೋಗಬೇಕು. ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪವೇ ದೊಡ್ಡ ಕಿಂಡಿ! ಉಸಿರನ್ನು ಎಣಿಸಿಟ್ಟರೆ ಊಟದ ಲೆಕ್ಕವೂ ತಾನಾಗಿ ಸಿಕ್ಕುತ್ತದೆಂಬುದು ಇದರ ಮರ್ಮ.

ಈಚೆಗೆ ಇನ್ನೊಂದು ಸಂಗತಿ ಸೇರಿಕೊಂಡಿದೆ. 2023ರಿಂದ ನಮ್ಮ ದೇಶದ ಬಂಕುಗಳಿಗೆ ಬರತೊಡಗಿದ, ನೂರಕ್ಕೆ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು ನಾಕಿಂಗನ್ನು ತಡೆಯುವುದರಲ್ಲಿ ಗಟ್ಟಿಗ. ಆದರೆ ಅದೇ ಗಾಳಿಗೆ ನೂರಕ್ಕೆ ಎಂಟರಷ್ಟು ಹೆಚ್ಚಾಗಿ ಬೇಕಾಗುತ್ತದೆ. ಎಂದಮೇಲೆ ಹಳೆಯ ಕಾರಿನ ಇಂಜೆಕ್ಟರುಗಳಲ್ಲಿದ್ದ ಉಳಿತಾಯದ ಒಂದಂಶ ಟರ್ಬೊ ಬರುವ ಮುನ್ನವೇ ಖರ್ಚಾಯಿತು.

ಕಾನೂನನ್ನೂ ಮರೆಯತಕ್ಕದ್ದಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಬೆಟ್ಟ ಹತ್ತುವ ಕಾರೇ ಬೇಕೆಂದವರಿಗೆ ಕಾರ್ಖಾನೆಯಿಂದಲೇ ಟರ್ಬೊ ಕೂಡಿಸಿ ಬರುವ ಸಣ್ಣ ಕಾರುಗಳು ಇಂದು ಧಾರಾಳವಾಗಿ ದೊರೆಯುತ್ತವೆ. ಇದ್ದ ಕಾರೇ ಸಾಕೆನ್ನುವವರು ತಿರುವಿಗೆ ಮುಂಚೆಯೇ ಗೇರು ಇಳಿಸುವ ಅಭ್ಯಾಸ ಮಾಡಿಕೊಂಡರೆ ಅರ್ಧ ಕಷ್ಟ ಪರಿಹಾರವಾಗುತ್ತದೆ.

ಸ್ಪರ್ಧೆಗೆಂದೇ ಕಾರು ಸಿದ್ಧಪಡಿಸುವ ತರುಣರು ಮೆಕ್ಯಾನಿಕನಿಗೆ ನಾಲ್ಕು ಪ್ರಶ್ನೆ ಹಾಕಬೇಕು. ಪೂರ್ಣ ಒತ್ತಡದಲ್ಲಿ ಇಂಜೆಕ್ಟರು ಎಷ್ಟು ಹೊತ್ತು ತೆರೆದಿರುತ್ತದೆ? ಆ ಒತ್ತಡದಲ್ಲಿ ಪಂಪು ಗಂಟೆಗೆ ಎಷ್ಟು ಲೀಟರ್ ತಳ್ಳುತ್ತದೆ? ಗಣಕದ ಸೆನ್ಸರು ಎಷ್ಟು ಬಾರ್‌ವರೆಗೆ ಓದುತ್ತದೆ? ಉದ್ದನೆಯ ಏರಿನಲ್ಲಿ ಗಾಳಿ-ಪೆಟ್ರೋಲಿನ ಪ್ರಮಾಣವನ್ನು ಅಳೆದು ನೋಡಿದ್ದಾನೆಯೇ? ಇವಕ್ಕೆ ಅಂಕಿಗಳಲ್ಲಿ ಉತ್ತರ ಕೊಡುವವನ ಕೈಗೆ ಕಾರನ್ನು ಒಪ್ಪಿಸಬಹುದು. "ಏನೂ ಆಗೋಲ್ಲ ಸಾರ್" ಎಂಬುದಷ್ಟೇ ಉತ್ತರವಾದರೆ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಮನೆಗೆ ಮರಳುವುದೇ ಲೇಸು.