ಕಾಲೇಜು ನೋಡುವ ಶಾಸ್ತ್ರ



ಸಿಇಟಿ ಫಲಿತಾಂಶ ಪ್ರಕಟವಾದೊಡನೆ ನನ್ನ ದೂರವಾಣಿಗೆ ಬಿಡುವೇ ಇರುವುದಿಲ್ಲ. ಒಂದು ಕಾಲದಲ್ಲಿ ನನ್ನೆದುರು ಬೆಂಚಿನ ಮೇಲೆ ಕುಳಿತಿದ್ದವರು ಇಂದು ತಮ್ಮ ಮಕ್ಕಳ ಕಾಲೇಜಿನ ವಿಷಯವಾಗಿ ಕರೆ ಮಾಡುತ್ತಾರೆ. ಮೊದಲೆಲ್ಲ "ಸಾರ್, ಯಾವ ಕಾಲೇಜಿನಲ್ಲಿ ಪಾಠ ಚೆನ್ನಾಗಿ ಮಾಡುತ್ತಾರೆ?" ಎಂಬ ಪ್ರಶ್ನೆಯಿರುತ್ತಿತ್ತು. ಈಗೀಗ ಪ್ರಶ್ನೆಯ ಬದಲು ತೀರ್ಪೇ ಬರುತ್ತದೆ: "ಸಾರ್, ಹೋಗಿ ನೋಡಿಕೊಂಡು ಬಂದೆವು. ಕ್ಯಾಂಪಸ್ ಅದ್ಭುತವಾಗಿದೆ. ಮಗಳಿಗೆ ಬಹಳ ಹಿಡಿಸಿತು." ಎರಡು ಗಂಟೆ ನೋಡಿದ್ದನ್ನು ನಂಬಿ ನಾಲ್ಕು ವರ್ಷಗಳ ಬದುಕನ್ನು ಒಪ್ಪಿಸಿಬಿಡುವ ಈ ಪದ್ಧತಿಯ ವಿರುದ್ಧ ಇಂದು ಸ್ವಲ್ಪ ಕಟುವಾಗಿಯೇ ಬರೆಯಬೇಕಾಗಿದೆ. ಯಾರಿಗಾದರೂ ನೋವಾದರೆ, ಹಳೆಯ ಮೇಷ್ಟ್ರ ಬೆತ್ತದೇಟೆಂದು ಸಹಿಸಿಕೊಳ್ಳಿ.

ನಮ್ಮ ಕಾಲದ ಹೆಣ್ಣು ನೋಡುವ ಶಾಸ್ತ್ರವನ್ನು ನೆನಪಿಸಿಕೊಳ್ಳಿ. ಪಕ್ಕದ ಮನೆಯಿಂದ ತಂದ ಜಮಖಾನ, ಎದುರು ಮನೆಯಿಂದ ತಂದ ಬೆಳ್ಳಿಯ ಲೋಟ, ತಟ್ಟೆಯಲ್ಲಿ ಉಪ್ಪಿಟ್ಟು, ಕೇಸರೀಬಾತು. ಆ ಒಂದು ಗಂಟೆಯಲ್ಲಿ ಮನೆಯ ನಿಜಸ್ಥಿತಿ ಯಾರಿಗೂ ತಿಳಿಯುತ್ತಿರಲಿಲ್ಲ. ಇಂದು ಅದೇ ಶಾಸ್ತ್ರ ಕಾಲೇಜುಗಳಲ್ಲಿ ನಡೆಯುತ್ತಿದೆ. ಬ್ಯಾಟರಿ ಗಾಡಿಯಲ್ಲಿ ಕೂರಿಸಿ ಸುತ್ತಿಸುತ್ತಾರೆ. ಈಜುಕೊಳ, ಗಾಜಿನ ಗ್ರಂಥಾಲಯ, ಹವಾನಿಯಂತ್ರಿತ ಸಭಾಂಗಣಗಳನ್ನು ತೋರಿಸುತ್ತಾರೆ. ಚೊಕ್ಕ ಇಂಗ್ಲಿಷಿನಲ್ಲಿ ಮಾತನಾಡುವ ವಿದ್ಯಾರ್ಥಿಯೊಬ್ಬನನ್ನು ಆರಿಸಿ ಜೊತೆಗೆ ಕಳುಹಿಸುತ್ತಾರೆ. ಹದಿನೇಳು ವರ್ಷದ ಮಗು ಆ ಹುಡುಗನಲ್ಲಿ ತನ್ನನ್ನೇ ಕಾಣುತ್ತದೆ. ಅಲ್ಲಿಗೆ ಆಯ್ಕೆ ಮುಗಿಯಿತು.

ಇದು ವೃದ್ಧನ ಗೊಣಗಾಟವೆಂದು ತಳ್ಳಿಹಾಕಬೇಡಿ. ಯೂರಿ ಸೈಮನ್‌ಸೋನ್ ಎಂಬ ವಿದ್ವಾಂಸರು 2010ರಲ್ಲಿ ಒಂದು ಕುತೂಹಲಕಾರಿ ಅಧ್ಯಯನವನ್ನು ಪ್ರಕಟಿಸಿದರು. ಓದಿಗೆ ಹೆಸರಾದ, ಮೋಜಿಗೆ ಅಷ್ಟೇನೂ ಹೆಸರಿಲ್ಲದ ಒಂದು ವಿದ್ಯಾಸಂಸ್ಥೆಯನ್ನು ನೋಡಲು ಬಂದಿದ್ದ 1,284 ವಿದ್ಯಾರ್ಥಿಗಳ ವಿವರಗಳನ್ನು ಅವರು ಪರಿಶೀಲಿಸಿದ್ದರು. ಭೇಟಿಯ ದಿನ ಆಕಾಶದಲ್ಲಿ ಮೋಡ ಹೆಚ್ಚಾಗಿದ್ದಷ್ಟೂ ಅಲ್ಲಿಗೇ ಸೇರುವ ಸಂಭವ ಹೆಚ್ಚಾಗಿತ್ತಂತೆ! ಮೋಡ ಕವಿದ ದಿನ ಓದಿನ ಆಕರ್ಷಣೆ ಹೆಚ್ಚುತ್ತದೆಯೆಂಬುದು ಅವರ ವಿವರಣೆ. ಬದುಕಿನ ದಾರಿಯನ್ನು ಅಂದಿನ ಮೋಡ ನಿರ್ಧರಿಸಬಹುದಾದರೆ, ಅದನ್ನು ವಿವೇಚನೆಯೆಂದು ಕರೆಯೋಣವೇ?

ಈಗ ನನ್ನದೇ ತಪ್ಪೊಂದನ್ನು ಹೇಳಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಶಿಷ್ಯನೊಬ್ಬನಿಗೆ ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂದಿತ್ತು. ತಂದೆ ತೆಂಗಿನ ತೋಟದ ಸಣ್ಣ ರೈತ. "ಮೇಷ್ಟ್ರು ಜೊತೆಗಿದ್ದರೆ ನಮಗೆ ಧೈರ್ಯ" ಎಂದು ನನ್ನನ್ನೂ ಕರೆದುಕೊಂಡು ಹೊರಟರು. ಮೊದಲು ನೋಡಿದ್ದು ಹಳೆಯದೊಂದು ಸರ್ಕಾರಿ ಕಾಲೇಜು. ಜಿಟಿಜಿಟಿ ಮಳೆ, ಗಾರೆ ಉದುರಿದ ಗೋಡೆ, "ಈಗ ಯಾರೂ ಇಲ್ಲ, ನಾಳೆ ಬನ್ನಿ" ಎಂದು ಗದರಿದ ಕಾವಲುಗಾರ. ಮರುದಿನ ಬಿಸಿಲಿತ್ತು. ಖಾಸಗಿ ಕಾಲೇಜೊಂದರಲ್ಲಿ ನಮಗೆ ಕಾಫಿ ಕೊಟ್ಟು, ಆ ರೈತನನ್ನು "ಸರ್" ಎಂದು ಕರೆದರು. ಪ್ರಯೋಗಾಲಯದ ಯಂತ್ರಗಳ ಮೇಲೆ ಇನ್ನೂ ಪ್ಲಾಸ್ಟಿಕ್ ಹೊದಿಕೆ ಇದ್ದುದನ್ನು ನಾನು ಕಣ್ಣಾರೆ ಕಂಡೆ, ಏಕೆಂದು ಕೇಳಲಿಲ್ಲ. ಸಂಜೆ ಬಸ್ ನಿಲ್ದಾಣದಲ್ಲಿ ಆತ ನನ್ನ ಮುಖವನ್ನೇ ನೋಡಿದಾಗ, "ಹುಡುಗನ ಮನಸ್ಸು ಎಲ್ಲಿದೆಯೋ ಅಲ್ಲಿಗೇ ಸೇರಿಸಿ" ಎಂದುಬಿಟ್ಟೆ.

ಎರಡನೆಯ ವರ್ಷದ ನಡುವೆಯೇ ಅಲ್ಲಿನ ಮೂವರು ಅಧ್ಯಾಪಕರು ಬಿಟ್ಟುಹೋದರು. ಶುಲ್ಕಕ್ಕಾಗಿ ತೋಟದ ಒಂದು ಭಾಗ ಮಾರಾಟವಾಯಿತು. ಹುಡುಗ ಸ್ವಂತ ಪರಿಶ್ರಮದಿಂದ ಮೇಲೆ ಬಂದ. ಸಾಲ ತೀರಿಸಲು ಮಾತ್ರ ವರ್ಷಗಳೇ ಹಿಡಿದವು. ಇಂದಿಗೂ ಅವನು ನನ್ನನ್ನು ದೂರುವುದಿಲ್ಲ. ನನ್ನನ್ನು ಕುಟುಕುವುದು ಅದೇ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ವರ್ಷವರ್ಷವೂ ವಿಸ್ತರಿಸಿ ಬರೆಯಿಸಿದವನು, ಹತ್ತಿರದ ಬೆಟ್ಟವೂ ಕಣ್ಣಿಗೆ ಮಣ್ಣೆರಚೀತೆಂದು ಅರಿಯದೆ ಹೋದೆ.

ಕಟ್ಟಡ ವಿದ್ಯೆಯನ್ನು ಕೊಡುವುದಿಲ್ಲ. ವಿಶ್ವೇಶ್ವರಯ್ಯನವರು 1917ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಇಂಜಿನಿಯರಿಂಗ್ ಕಾಲೇಜಿನ ಹಳೆಯ ಕಟ್ಟಡ ಇಂದಿನ ಗಾಜಿನ ಗೋಪುರಗಳ ಮುಂದೆ ಮಂಕಾಗಿ ಕಂಡೀತು; ನಾಡಿಗೆ ಎಷ್ಟು ತಲೆಮಾರುಗಳ ಇಂಜಿನಿಯರುಗಳನ್ನು ಅದು ಕೊಟ್ಟಿಲ್ಲ?

ಹಾಗಾದರೆ ಕಾಲೇಜನ್ನು ನೋಡಲೇಬಾರದೇ ಎಂದು ನೀವು ಕೇಳಬಹುದು. ನೋಡಲೇಬೇಕು. ಹಾಸ್ಟೆಲಿನ ಶೌಚಾಲಯ, ಹೆಣ್ಣುಮಕ್ಕಳ ಸುರಕ್ಷತೆ, ಗಾಲಿಕುರ್ಚಿಯ ಮಗುವಿಗೆ ಇಳಿಜಾರು ದಾರಿ, ಇವು ಯಾವ ಪಟ್ಟಿಯಿಂದಲೂ ಸರಿಯಾಗಿ ತಿಳಿಯುವುದಿಲ್ಲ. ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲೇರುವ ಹಳ್ಳಿಯ ಮಗುವಿಗೆ "ಇದು ನನ್ನದೂ ಆಗಬಹುದು" ಎಂಬ ಧೈರ್ಯ ಬರುವುದು ಕಣ್ಣಾರೆ ಕಂಡಾಗಲೇ. ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಮ್ಮೆ ತನ್ನ ಬಾಗಿಲನ್ನು ಸಾರ್ವಜನಿಕರಿಗೆ ತೆರೆದು ಪ್ರಯೋಗಗಳನ್ನು ತೋರಿಸುತ್ತದೆ. ಅಲ್ಲಿಂದ ಮಕ್ಕಳು ವಿಜ್ಞಾನದ ಹುಚ್ಚು ಹಿಡಿಸಿಕೊಂಡು ಮರಳುತ್ತಾರೆ. ಅಂಥ ಭೇಟಿಗೆ ನನ್ನ ನಮಸ್ಕಾರ. ಗಿರಾಕಿಯನ್ನು ಹಿಡಿಯುವ ಭೇಟಿಯ ಮೇಲೆ ಮಾತ್ರ ನನ್ನ ಕೋಪ.

ಆದ್ದರಿಂದ ನನ್ನ ಮಾತು ಇಷ್ಟು. ಮೊದಲು ಓದಿ, ಆಮೇಲೆ ನೋಡಿ. ನ್ಯಾಕ್ ಮಾನ್ಯತೆ ಇಡೀ ಸಂಸ್ಥೆಗೆ ಸಿಗುವಂಥದ್ದು. ಎನ್‌ಬಿಎ ಮಾನ್ಯತೆ ಒಂದೊಂದು ಕೋರ್ಸಿಗೆ. ನಿಮ್ಮ ಮಗು ಸೇರಲಿರುವ ಕೋರ್ಸಿಗೆ ಅದು ಇದೆಯೇ, ವಿಚಾರಿಸಿ. 2016ರಿಂದ ಪ್ರಕಟವಾಗುತ್ತಿರುವ ಎನ್‌ಐಆರ್‌ಎಫ್ ಪಟ್ಟಿಯಲ್ಲಿರುವ ಸಂಸ್ಥೆಗಳು ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಅವರ ಸಂಬಳದ ಮಧ್ಯಾಂಕವೆಷ್ಟು ಎಂದು ತಾವೇ ಕೊಟ್ಟ ವಿವರಗಳು ಸಿಗುತ್ತವೆ. ಫಲಕದ ಮೇಲೆ ಮಿಂಚುವ ಅತಿ ಹೆಚ್ಚಿನ ಸಂಬಳ ಒಬ್ಬನದು, ಮಧ್ಯಾಂಕ ನಡುವಿನವನದು. ನಿಮ್ಮ ಮಗು ಅವನ ಆಸುಪಾಸಿನಲ್ಲಿರುವ ಸಂಭವವೇ ಹೆಚ್ಚು. ಮಧ್ಯಾಂಕವನ್ನು ಕಪ್ಪು ಹಲಗೆಯ ಮೇಲೆ ಕಲಿಸಿದ್ದು ಸುಮ್ಮನೆ ಅಲ್ಲ!

ಬಳಿಕ ಹೋಗಿ. ಆಹ್ವಾನವಿಲ್ಲದೆ, ತರಗತಿಗಳು ನಡೆಯುವ ಒಂದು ಸಾಧಾರಣ ಮಂಗಳವಾರ ಹೋಗಿ. ಕ್ಯಾಂಟೀನಿನಲ್ಲಿ ಮೂರನೆಯ ವರ್ಷದ ವಿದ್ಯಾರ್ಥಿಗಳ ಪಕ್ಕ ಕುಳಿತು, ಈ ವರ್ಷ ಎಷ್ಟು ಅಧ್ಯಾಪಕರು ಬಿಟ್ಟುಹೋದರೆಂದು ಕೇಳಿ. ಗ್ರಂಥಾಲಯದ ಪುಸ್ತಕಗಳ ಅಂಚು ಸವೆದಿದೆಯೇ, ಯಂತ್ರಗಳ ಮೇಲೆ ಎಣ್ಣೆಯ ಕಲೆಯಿದೆಯೇ, ನೋಡಿ. ಒಳಗೆ ಬಿಡದಿದ್ದರೆ ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯವನನ್ನು ಕೇಳಿ. ಅವನಿಗೆ ಗೊತ್ತಿರುವಷ್ಟು ಪ್ರಾಂಶುಪಾಲರಿಗೂ ಗೊತ್ತಿರದು. ಮನೆಗೆ ಮರಳಿದ ಮೇಲೆ ಒಂದು ವಾರ ಸುಮ್ಮನಿದ್ದು, ಅಲ್ಲಿ ಏನು ನೋಡಿದೆಯೆಂದು ಮಗುವನ್ನು ಕೇಳಿ. ಈಜುಕೊಳವೊಂದೇ ನೆನಪಿದ್ದರೆ, ಆ ಊರಿಗೆ ಪ್ರವಾಸ ಹೋಗಿಬರಲಿ, ಕಾಲೇಜಿಗೆ ಬೇಡ.

ಮುಂದಿನ ಬಾರಿ ಕರೆ ಮಾಡುವಾಗ ಈಜುಕೊಳದ ಉದ್ದವನ್ನು ನನಗೆ ಹೇಳಬೇಡಿ. ಅಲ್ಲಿ ಪಾಠ ಮಾಡುವ ಒಬ್ಬ ಮೇಷ್ಟ್ರ ಹೆಸರನ್ನು ಹೇಳಿ. ಅಷ್ಟು ತಿಳಿದುಕೊಂಡು ಬಂದಿದ್ದರೆ, ನೀವು ಕಾಲೇಜನ್ನು ನೋಡಿದ್ದೀರಿ.

ಇಂತಿ ನಿಮ್ಮ
ಮೇಷ್ಟ್ರು