ಉಪ್ಪು ತಿಂದವರ ಬಿ.ಪಿ.

ಉಪ್ಪು ತಿಂದವ ನೀರು ಕುಡಿಯಲೇಬೇಕೆಂಬುದು ಗಾದೆ. ಕುಡಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಾತ್ರ ಗಾದೆ ಹೇಳಿಲ್ಲ. ಉಪ್ಪಿನಲ್ಲಿರುವ ಸೋಡಿಯಂ ಆ ನೀರನ್ನು ದೇಹದಲ್ಲೇ ಹಿಡಿದಿಡುತ್ತದೆ. ರಕ್ತದ ಪ್ರಮಾಣ ಹೆಚ್ಚಿ ನಾಳಗಳ ಮೇಲೆ ಒತ್ತಡ ಬೀಳುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಒಂದು ದಿನ ಲಕ್ವ ಹೊಡೆಯಬಹುದು, ಹೃದಯ ಕೈಕೊಡಬಹುದು. ಅಲ್ಲಿಯತನಕ ಬಹುಮಂದಿಗೆ ತಲೆನೋವೂ ಇರುವುದಿಲ್ಲ. ಅದಕ್ಕೇ "ನಂಗೇನ್ರೀ ಆಗಿದೆ, ಗುಂಡುಕಲ್ಲಿನ ಹಾಗಿದ್ದೀನಿ" ಎನ್ನುವವರೇ ಜಾಸ್ತಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15 ವರ್ಷ ದಾಟಿದ ಗಂಡಸರ ಪೈಕಿ ಶೇ. 24, ಹೆಂಗಸರ ಪೈಕಿ ಶೇ. 21 ಮಂದಿ ಬಿ.ಪಿ.ಯವರು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ಒಂದು ಟೀ ಚಮಚವೂ ತುಂಬದು. ಬೆಳಿಗ್ಗೆ ಇಡ್ಲಿ, ಚಟ್ನಿ, ಸಾಂಬಾರು. ಹನ್ನೊಂದಕ್ಕೆ ಗಲ್ಲಾದ ಮೇಲೇ ಬೋಂಡಾ. ಮಧ್ಯಾಹ್ನ ಸಾರು, ಉಪ್ಪಿನಕಾಯಿ, ಹಪ್ಪಳ, ಉಪ್ಪು ಹಾಕಿದ ಮಜ್ಜಿಗೆ. ಸಂಜೆ ಬಸ್ಸಿಗೆ ಕಾಯುತ್ತಾ ಖಾರ ಮಂಡಕ್ಕಿ. ಮನೆಯಾಕೆ ಸಾರಿಗೆ ಉಪ್ಪು ಕಡಿಮೆ ಮಾಡಿದರೂ ಉಪ್ಪಿನಕಾಯಿ ಜಾಡಿ ಆ ಬಾಕಿ ತೀರಿಸಿಬಿಡುತ್ತದೆ! ಉಪ್ಪು ಹುರಿದು ತಿಂದರೆ ದೋಷವಿಲ್ಲ, ಸೈಂಧವ ಲವಣ ಬಿ.ಪಿ.ಗೆ ಒಳ್ಳೇದು ಎಂಬ ಮಾತುಗಳು ಬೇರೆ. ಹುರಿದರೂ ಸೋಡಿಯಂ ಎಲ್ಲೂ ಹೋಗದು. ಸೈಂಧವವೂ ಹೆಚ್ಚುಕಡಿಮೆ ಅದೇ ಉಪ್ಪು, ಬೆಲೆ ಮಾತ್ರ ಜಾಸ್ತಿ.

ಸೊಪ್ಪು, ಕಾಳು, ಬಾಳೆಹಣ್ಣಿನಲ್ಲಿರುವ ಪೊಟ್ಯಾಸಿಯಂ ಒತ್ತಡ ತಗ್ಗಿಸಲು ನೆರವಾಗುತ್ತದೆ. ಮೂತ್ರಪಿಂಡದ ಕಾಯಿಲೆಯವರು ಮಾತ್ರ ವೈದ್ಯರನ್ನು ಕೇಳಿಯೇ ತಿನ್ನಬೇಕು. ಊಟ ಸುಧಾರಿಸಿತೆಂದು ಬಿ.ಪಿ. ಮಾತ್ರೆಯನ್ನು ತಾವಾಗಿಯೇ ಬಿಡುವುದೂ ಅಪಾಯ.

ಅಂಗಡಿಯವರು ತಾವು ಮಾರುವ ಮಿಕ್ಸ್‌ಚರ್ ಪೊಟ್ಟಣವನ್ನೇ ತಿರುಗಿಸಿ ನೋಡಲಿ. ಸೋಡಿಯಂ 800 ಮಿ.ಗ್ರಾಂ ಎಂದಿದ್ದರೆ ಎರಡೂವರೆಯಿಂದ ಗುಣಿಸಬೇಕು. 2 ಗ್ರಾಂ ಉಪ್ಪಾಯಿತು. ಹೋಟೆಲಿನವರು ಕೇಳಿದವರಿಗೆ ಮಾತ್ರ ಉಪ್ಪಿನಕಾಯಿ ಬಡಿಸಲಿ. ಅದರಲ್ಲಿ ನಷ್ಟವೇನಿಲ್ಲ, ಉಳಿತಾಯವೇ.

ಇನ್ನು ಆರೋಗ್ಯ ಇಲಾಖೆಯ ಪಾಲು. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿ.ಪಿ. ತಪಾಸಣೆ ಪುಕ್ಕಟೆ, ನಿಜ. ಆದರೆ ಕೇಂದ್ರ ತೆರೆದಿರುವ ಹೊತ್ತೇ ಅಂಗಡಿಯ ವ್ಯಾಪಾರದ ಹೊತ್ತು. ಬಾಗಿಲೆಳೆದು ಸರದಿಯಲ್ಲಿ ನಿಲ್ಲುವವರು ಯಾರು? ವಾರಕ್ಕೊಂದು ಸಂಜೆ ಬಸ್ ನಿಲ್ದಾಣದಲ್ಲೇ ಒಂದು ಮೇಜು, ಒಂದು ಬಿ.ಪಿ. ಯಂತ್ರ, ಒಬ್ಬ ನರ್ಸನ್ನು ಕೂರಿಸಲು ಇಲಾಖೆಗೆ ಏನು ಕಷ್ಟ?